ವೇಣು ಪ್ರಾಣಾಯಾಮ

ಮಲ್ಲೇಶ್ವರಂನ ಚಕ್ರಪಾಣಿಯವರು ಉಸಿರಾಟದ ವಿಷಯದಲ್ಲಿ ಬಹಳ ದೊಡ್ಡವರು ಎಂಬುದನ್ನು ಮೊಟ್ಟಮೊದಲು ಕಂಡುಹಿಡಿದವರು ಸ್ವತಃ ಚಕ್ರಪಾಣಿಯವರೇ. ಖಜಾನೆ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದ ಮೇಲೆ, ತಡೆಹಿಡಿಯಲು ಯಾರ ಫೈಲೂ ಸಿಗದೆ ಕೆಲವು ತಿಂಗಳು ಚಡಪಡಿಸಿದರು. ಆಮೇಲೆ ಉಸಿರು ತಡೆಹಿಡಿಯುವುದನ್ನು ಆರಿಸಿಕೊಂಡರು.

ಮನೆಯ ಹತ್ತಿರದ ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ಅವರ ಪ್ರಾಣಾಯಾಮದ ಕ್ಲಾಸು. ನೆಲದ ಮೇಲೆ ಜಮಖಾನ, ಅದರ ಮೇಲೆ ನಿವೃತ್ತ ಮೇಷ್ಟರುಗಳು, ಬ್ಯಾಂಕಿನವರು, ಅವರವರ ಹೆಂಡತಿಯರು. ಎದುರಿನ ಕಲ್ಲುಬೆಂಚಿನ ಮೇಲೆ ಪದ್ಮಾಸನ ಹಾಕಲು ಮುಕ್ಕಾಲು ಪಾಲು ಯಶಸ್ವಿಯಾದ ಚಕ್ರಪಾಣಿಯವರು.

"ತಗೊಳ್ಳಿ... ಹಿಡೀರಿ... ನಾನು ಹೇಳೋವರ್ಗೂ ಬಿಡ್ಬೇಡಿ" ಎಂದು ಅವರು ಅಪ್ಪಣೆ ಕೊಡುವರು. ಎಲ್ಲರೂ ಕೆನ್ನೆ ಉಬ್ಬಿಸಿ ಉಸಿರು ಹಿಡಿದು ಕುಂಭಕದಲ್ಲಿ ಕೂತಿರುವಾಗ ಉಸಿರಿನ ಮಹತ್ವದ ಮೇಲೆ ಭಾಷಣ ಮಾಡುವರು. ಭಾಷಣ ಮಾಡಲು ಉಸಿರಾಡಲೇಬೇಕು, ಆದ್ದರಿಂದ ಗುರುಗಳು ಉಸಿರು ಹಿಡಿದದ್ದನ್ನು ಯಾರೂ ಕಂಡವರಿಲ್ಲ. ಹಾಗೆಂದು ಆಕ್ಷೇಪಿಸೋಣವೆಂದರೆ ಆಕ್ಷೇಪಿಸುವವರ ಬಾಯಲ್ಲಿ ಗಾಳಿ ತುಂಬಿರುತ್ತಿತ್ತು.

ಇಂಥ ಚಕ್ರಪಾಣಿಯವರಿಗೆ ಚಿಕ್ಕಂದಿನಿಂದಲೂ ಉಬ್ಬಸ. ಉಬ್ಬಸಕ್ಕೆ ಬಾಯಿಗಿಟ್ಟು ಎಳೆದುಕೊಳ್ಳುವ ಇನ್‌ಹೇಲರನ್ನು ಅವರ ಮನೆಯಲ್ಲಿ 'ಪಂಪು' ಎನ್ನುತ್ತಿದ್ದರು. ಪಂಪು ಇರುತ್ತಿದ್ದದ್ದು ಬೀರುವಿನಲ್ಲಿ, ಮಡಿಪಂಚೆಯ ಮಡಿಕೆಯೊಳಗೆ, ಯಾರೂ ಕೈಹಾಕದ ಜಾಗದಲ್ಲಿ. ಈ ಸಂಗತಿ ಗೊತ್ತಿದ್ದದ್ದು ಹೆಂಡತಿ ಕಾವೇರಮ್ಮನವರೊಬ್ಬರಿಗೆ.

ಸಾಲದ್ದಕ್ಕೆ ಅವರ ಕಣ್ಣಿನೊಳಗೆ ಒತ್ತಡ ಜಾಸ್ತಿ. ಗ್ಲಾಕೋಮಾ. ಡಾಕ್ಟರು ಅದಕ್ಕೆ ರಾತ್ರಿ ಹೊತ್ತು ಹಾಕಿಕೊಳ್ಳುವ ಒಂದು ಡ್ರಾಪ್ಸ್ ಕೊಟ್ಟಿದ್ದರು. ಆ ಮದ್ದಿಗೆ ರೆಪ್ಪೆಗೂದಲು ಉದ್ದ ಬೆಳೆಸುವ ಗುಣವಿತ್ತು. ಕೆಲವೇ ತಿಂಗಳಲ್ಲಿ ಚಕ್ರಪಾಣಿಯವರ ರೆಪ್ಪೆಗಳು ಮದುವಣಗಿತ್ತಿಯ ರೆಪ್ಪೆಗಳಂತಾದವು.

"ಏನ್ ಸಾರ್ ಇದು, ಈ ವಯಸ್ನಲ್ಲಿ ಇಂಥಾ ರೆಪ್ಪೆ!" ಎಂದು ಕ್ಲಾಸಿನ ಶಕುಂತಲಮ್ಮ ಬೆರಗಾದರು.

"ಕುಂಭಕ" ಎಂದರು ಚಕ್ರಪಾಣಿಯವರು. ಅಂದಿನಿಂದ ಜಮಖಾನದ ಮೇಲೆ ಹೆಂಗಸರ ಸಂಖ್ಯೆ ಹೆಚ್ಚಿತು.

ಕಣ್ಣಿನ ತಪಾಸಣೆಯ ದಿನ ಕಾವೇರಮ್ಮನವರು ಸೀರೆ ಉಟ್ಟು ಸಿದ್ಧರಾದರು.

"ನೀನ್ಯಾಕೆ? ಕಣ್ಣು ನಂದು."

"ಕಣ್ಣು ನಿಮ್ದೇರೀ. ಬಾಯೂ ನಿಮ್ದೇ ಅಲ್ವಾ, ಅದಕ್ಕೇ ಭಯ."

ಆದರೆ ಅಷ್ಟರಲ್ಲಿ ನಂಜಪ್ಪ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ್ದರು. ನಂಜಪ್ಪ ಎಂದರೆ ನಗರ್ತಪೇಟೆಯಲ್ಲಿ ಪಾತ್ರೆ ಅಂಗಡಿ ನಡೆಸಿ, ಈಗ ಅದನ್ನು ಅಳಿಯನ ಕೈಗೆ ಕೊಟ್ಟು, ತಾವು ಚಕ್ರಪಾಣಿಯವರ ಪಾದ ಹಿಡಿದವರು. ಶಿಷ್ಯರಲ್ಲಿ ಅಗ್ರಗಣ್ಯರು. ಕಣ್ಣಿಗೆ ಪಾಪೆ ಹಿಗ್ಗಿಸುವ ಮದ್ದು ಹಾಕಿದರೆ ಗುರುಗಳು ಸ್ಕೂಟರ್ ಓಡಿಸುವಂತಿಲ್ಲವೆಂದು ತಾವಾಗಿಯೇ ಸಾರಥ್ಯ ವಹಿಸಿದ್ದರು, ಹೀಗಾಗಿ ಕಾವೇರಮ್ಮ ಮನೆಯಲ್ಲೇ ಉಳಿಯಬೇಕಾಯಿತು. ಆಸ್ಪತ್ರೆಯಲ್ಲಿ ಹೊರಗೆ ಕೂರಿ ಎಂದರೂ ಕೇಳದೆ ಗುರುಗಳ ಹಿಂದೆಯೇ ಡಾಕ್ಟರ ಕೋಣೆಗೆ ನುಗ್ಗಿದರು.

ಡಾಕ್ಟರ್ ವಾಣಿ ಪರೀಕ್ಷೆ ಮುಗಿಸಿ ಕುರ್ಚಿಗೆ ಒರಗಿದರು. "ಪ್ರೆಷರ್ ಇನ್ನೂ ಜಾಸ್ತಿನೇ ಇದೆ ಸಾರ್. ರಾತ್ರಿ ಹಾಕೋದು ಒಂದೇ ಸಾಲ್ತಿಲ್ಲ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋಬೇಕು. ಅದರ ಜೊತೆಗೆ ಒಂದು ಕಾಂಬಿನೇಷನ್ ಡ್ರಾಪ್ಸ್ ಬರ್ಕೊಡ್ತೀನಿ. ಎರಡು ಔಷಧಿ, ಒಂದೇ ಬಾಟಲಿ."

"ಬೈಟು ಕಾಫಿ ಉಲ್ಟಾ" ಎಂದರು ನಂಜಪ್ಪ.

ಡಾಕ್ಟರು ನಗಲಿಲ್ಲ. "ಕೊಡೋಕ್ ಮುಂಚೆ ಕೇಳ್ಬೇಕು. ನಿಮಗೆ ಆಸ್ತಮಾ ಇದ್ಯಾ? ಉಬ್ಬಸ? ಹಾರ್ಟ್ ನಿಧಾನ ಹೊಡ್ಕೊಳ್ಳತ್ತೆ ಅಂತ ಯಾರಾದ್ರೂ ಹೇಳಿದ್ರಾ?"

ಚಕ್ರಪಾಣಿಯವರು ಬಾಯಿ ತೆರೆದರು. ನಿಜ ಹೇಳಲೆಂದೇ ತೆರೆದರು ಎಂದು ಅವರು ಮುಂದೆ ಎಷ್ಟೋ ಸಲ ಆಣೆ ಮಾಡಿದ್ದಾರೆ. ಆದರೆ ಅವರಿಗಿಂತ ಮೊದಲು ನಂಜಪ್ಪ ಗಹಗಹಿಸಿ ನಕ್ಕರು.

"ಡಾಕ್ಟ್ರೇ! ಯಾರನ್ನ ಏನ್ ಕೇಳ್ತಿದೀರ ಗೊತ್ತಾ? ಇಡೀ ಮಲ್ಲೇಶ್ವರಕ್ಕೆ ಉಸಿರು ಹೇಳ್ಕೊಡೋರು ಇವ್ರು!"

ಈಗ ಹಿಂದೆ ಸರಿಯುವುದು ಹೇಗೆ? "ಉಸಿರಿನ ತೊಂದ್ರೆ ಅನ್ನೋದು ನಮ್ಮ ವಂಶದಲ್ಲೇ ಇಲ್ಲ" ಎಂದುಬಿಟ್ಟರು ಚಕ್ರಪಾಣಿಯವರು. ಅವರ ವಂಶದಲ್ಲಿ ತಂದೆ, ದೊಡ್ಡಪ್ಪ, ಸೋದರತ್ತೆ, ಮೂವರೂ ಬೆನ್ನಿಗೆ ದಿಂಬು ಪೇರಿಸಿಕೊಂಡು ಕೂತುಕೊಂಡೇ ನಿದ್ದೆ ಮಾಡಿದವರು.

"ಯೋಚ್ನೆ ಮಾಡಿ ಹೇಳಿ ಸಾರ್. ಈ ಬಾಟಲಿಲಿರೋ ಒಂದು ಮದ್ದು ಉಬ್ಬಸದೋರಿಗೆ ಆಗಲ್ಲ. ಕಣ್ಣಿಗೆ ಹಾಕಿದ್ದು ಕಣ್ಣಲ್ಲೇ ಇರಲ್ಲ. ಮೂಗಿಗೆ ಇಳಿದು ರಕ್ತಕ್ಕೆ ಸೇರತ್ತೆ."

ಚಕ್ರಪಾಣಿಯವರು ಒಳಗೊಳಗೇ ನಕ್ಕರು. ಕಣ್ಣೆಲ್ಲಿ, ಎದೆಯೆಲ್ಲಿ? ಎರಡೂ ಬೇರೆ ಬೇರೆ ಇಲಾಖೆ. ಒಂದು ಇಲಾಖೆಯಿಂದ ಇನ್ನೊಂದಕ್ಕೆ ಒಂದು ಕಾಗದ ಹೋಗಬೇಕಾದರೆ ವರ್ಷಗಟ್ಟಲೆ ಹಿಡಿಯುತ್ತದೆ ಎಂಬುದನ್ನು ಸರ್ವಿಸಿನುದ್ದಕ್ಕೂ ಕಂಡವರು ಅವರು.

"ನೀವು ಬರೀರಿ" ಎಂದರು.

ಡಾಕ್ಟರು ಬರೆದರು. ಬೆಳಿಗ್ಗೆ ಸಂಜೆ ಒಂದೊಂದು ಕಣ್ಣಿಗೆ ಒಂದೇ ಹನಿ. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕ ಕಣ್ಣಿನ ಒಳತುದಿಯನ್ನು ಬೆರಳಿಂದ ಎರಡು ನಿಮಿಷ ಒತ್ತಿಹಿಡಿಯಬೇಕು, ಆಗ ಮದ್ದು ಕೆಳಗಿಳಿಯುವುದಿಲ್ಲ. ಬೇರೆ ಡ್ರಾಪ್ಸ್ ಹಾಕುವ ಹೊತ್ತೇ ಆದರೆ ಮಧ್ಯೆ ಐದು ನಿಮಿಷ ಬಿಡಬೇಕು. ಉಸಿರಿಗೆ ಏನೇ ಆದರೂ ತಕ್ಷಣ ಫೋನ್ ಮಾಡಬೇಕು. ಇಷ್ಟನ್ನೂ ಹೇಳುವಾಗ ಚಕ್ರಪಾಣಿಯವರು ನಂಜಪ್ಪನ ಮುಖ ನೋಡುತ್ತಿದ್ದರು, ತಾವು ಹೇಳಿದ 'ವಂಶದಲ್ಲೇ ಇಲ್ಲ' ಎಷ್ಟು ಚೆನ್ನಾಗಿ ನಾಟಿದೆ ಎಂದು.

ಮನೆಗೆ ಬಂದೊಡನೆ ಕಾವೇರಮ್ಮ ಕೇಳಿದರು: "ಉಬ್ಬಸದ ವಿಷ್ಯ ಹೇಳಿದ್ರಾ?"

"ಎಲ್ಲಾ ಹೇಳಿದೀನಿ."

"ಏನಂದ್ರು?"

"ಪರವಾಗಿಲ್ಲ ಅಂದ್ರು."

ಒಂದು ಸುಳ್ಳು ಆಸ್ಪತ್ರೆಯಲ್ಲಿ, ಇನ್ನೊಂದು ಮನೆಯಲ್ಲಿ. ಇಷ್ಟು ಸಿದ್ಧತೆಯಾದ ಮೇಲೆ ಚಕ್ರಪಾಣಿಯವರು ಔಷಧಿ ಶುರುಮಾಡಿದರು. ಒಂದು ಹನಿ ಅವರಿಗೆ ತೀರ ಜುಗ್ಗತನವೆನಿಸಿತು. ಕಣ್ಣು ತುಂಬಿ ಕೆನ್ನೆಗೆ ಹರಿಯುವಷ್ಟು ಹಾಕಿದರೆ ಮಾತ್ರ ಹಾಕಿದಂತೆ ಎಂದು ತೀರ್ಮಾನಿಸಿದರು. ಡಾಕ್ಟರು ಮೂಗಿನ ಹತ್ತಿರ ಏನೋ ಒತ್ತಬೇಕೆಂದದ್ದು ನೆನಪಿತ್ತು. ಬಲಗೈ ಹೆಬ್ಬೆರಳಿನಿಂದ ಬಲ ಹೊಳ್ಳೆಯನ್ನು ಮುಚ್ಚಿ, ಎಡ ಹೊಳ್ಳೆಯಿಂದ ದೀರ್ಘವಾಗಿ ಎಳೆದುಕೊಂಡರು. ಮದ್ದು ಸರ್ರನೆ ಗಂಟಲಿಗಿಳಿದು ಬಾಯೆಲ್ಲ ಕಹಿಯಾಯಿತು.

"ಆಹಾ, ಬೇರಿಗೇ ಹೋಯ್ತು" ಎಂದು ಸಂತೋಷಪಟ್ಟರು.

ಒಂದು ವಾರ ಕಳೆಯುವುದರೊಳಗೆ ಎದೆಯಲ್ಲಿ ಬೆಕ್ಕಿನ ಮರಿ ಸೇರಿಕೊಂಡಂತೆ ಸದ್ದು ಶುರುವಾಯಿತು. ಚಕ್ರಪಾಣಿಯವರು ಕಾರಣ ಹುಡುಕಿದರು. ಮೊದಲು ಸಂಪಿಗೆ ರಸ್ತೆಯ ಧೂಳು. ಆಮೇಲೆ ಪಕ್ಕದ ಮನೆಯ ನಾಯಿಯ ಕೂದಲು. ನಂತರ ಊದುಬತ್ತಿ, ಅದಾದ ಮೇಲೆ ಒಗ್ಗರಣೆಯ ಘಾಟು. ಕಾವೇರಮ್ಮ ಊದುಬತ್ತಿ ನಿಲ್ಲಿಸಿದರು, ಒಗ್ಗರಣೆಯನ್ನೂ ನಿಲ್ಲಿಸಿದರು. ಒಗ್ಗರಣೆಯಿಲ್ಲದ ಸಾರು ತಿಂದು ಚಕ್ರಪಾಣಿಯವರು ಇನ್ನಷ್ಟು ಸೋತರು. ಪಂಪು ಎಳೆದರೆ ಮೊದಲಿನಷ್ಟು ಹಿಡಿಯುತ್ತಿರಲಿಲ್ಲ. ಹಳೆಯ ಮಾಲು ಕೊಟ್ಟಿದ್ದೀರಿ ಎಂದು ಮೆಡಿಕಲ್ ಸ್ಟೋರಿನವನ ಜೊತೆ ಜಗಳವಾಡಿ ಹೊಸದು ತಂದರು. ಅದೂ ಹಾಗೇ. ದೇಶದಲ್ಲಿ ತಯಾರಿಕೆಯ ಗುಣಮಟ್ಟವೇ ಕುಸಿದಿದೆ ಎಂದು ಬೇಸರಪಟ್ಟು, ಕಣ್ಣಿಗೆ ಇನ್ನೆರಡು ಹನಿ ಜಾಸ್ತಿ ಹಾಕಿಕೊಂಡು, ಮಾರನೆಯ ಬೆಳಿಗ್ಗೆ ಪಾರ್ಕಿಗೆ ಹೋದರು.

ಅಂದು ಕ್ಲಾಸಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದ್ದರು. ಚಕ್ರಪಾಣಿಯವರು "ತಗೊಳ್ಳಿ" ಎಂದು ತಾವೂ ಎಳೆದುಕೊಂಡರು. ಬಿಡುವಾಗ ಎದೆಯಿಂದ ಸಣ್ಣಗೆ, ಉದ್ದಕ್ಕೆ, ಸುಂಯ್ಯ್ಯ್... ಎಂಬ ನಾದ ಹೊರಟು ತುದಿಯಲ್ಲಿ ಕುಂಯ್ ಎಂದು ತಿರುಗಿತು.

ನಂಜಪ್ಪ ಒಂದು ಕಣ್ಣು ತೆರೆದರು. "ಗುರುಗಳೇ, ಇದ್ಯಾವ್ದು ಹೊಸದು?"

ಇದೊಂದು ಕಾಯಿಲೆ ಎನ್ನಲು ಆಗ ಉಸಿರಿರಲಿಲ್ಲ. ಸ್ವಲ್ಪ ತಾಳು ಎನ್ನಲು ಚಕ್ರಪಾಣಿಯವರು ಒಂದು ಬೆರಳು ಎತ್ತಿದರು.

"ಒಂದನೇ ಹಂತ!" ಎಂದು ನಂಜಪ್ಪ ಹಿಂದಿನವರಿಗೆ ಪ್ರಕಟಿಸಿದರು.

"ಕೇಳಿ, ಕೃಷ್ಣನ ಕೊಳಲಿನ ಥರಾನೇ ಇದೆ" ಎಂದು ಶಕುಂತಲಮ್ಮ ಕೈಮುಗಿದರು.

ಚಕ್ರಪಾಣಿಯವರಿಗೆ ಮಾತನಾಡುವಷ್ಟು ಉಸಿರು ಬರುವ ಹೊತ್ತಿಗೆ ಅದಕ್ಕೆ ವೇಣು ಪ್ರಾಣಾಯಾಮವೆಂದು ನಾಮಕರಣವಾಗಿ, ಇಬ್ಬರು ಅವರ ಕಾಲಿಗೂ ಬಿದ್ದಾಗಿತ್ತು. ಕಾಲಿಗೆ ಬಿದ್ದವರನ್ನು ಎಬ್ಬಿಸಿ ಇದು ಉಬ್ಬಸ ಎನ್ನಲು ಬೇಕಾದ ಧೈರ್ಯ ಬೇರೆಯದೇ. ಅದು ಖಜಾನೆ ಇಲಾಖೆಯಲ್ಲಿ ಅಭ್ಯಾಸವಾಗುವಂಥದ್ದಲ್ಲ.

ಶಿಷ್ಯರು ಅಭ್ಯಾಸಕ್ಕೆ ಬಿದ್ದರು. ತೊಂದರೆಯೆಂದರೆ ಆರೋಗ್ಯವಂತರ ಎದೆಯಿಂದ ಆ ನಾದ ಬರುವುದಿಲ್ಲ. ಕೆಲವರು ತುಟಿ ಚೂಪು ಮಾಡಿ ಊದಿದರು. ಕಟ್ಟಿಸಿದ ಹಲ್ಲಿನವರಿಗೆ ಸಂದಿಯಿಂದ ತಾನಾಗಿಯೇ ಬಂತು, ಅವರು ಮುಂದಿನ ಸಾಲಿಗೆ ಬಡ್ತಿ ಪಡೆದರು. ನಂಜಪ್ಪನಿಗೆ ಮಾತ್ರ ಎಷ್ಟು ಊದಿದರೂ ಬರೀ ಪ್ರೆಷರ್ ಕುಕ್ಕರಿನ ಸದ್ದು. ಅವರಿಗೆ ಜೀವನದಲ್ಲೇ ಜಿಗುಪ್ಸೆ ಬಂತು.

ಸುದ್ದಿ ಹರಡಿತು. ಕುಮಾರ ಪಾರ್ಕಿನಿಂದ ಆಟೋ ಮಾಡಿಕೊಂಡು ಜನ ಬಂದರು. ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ ಶಶಿ ವಿಡಿಯೋ ಮಾಡಿ ಎಲ್ಲ ಗ್ರೂಪುಗಳಿಗೂ ಕಳಿಸಿದರು. ಅದರ ಕೆಳಗೆ 'ಶುಗರ್, ಬಿಪಿ, ಮಂಡಿನೋವು, ಆಸ್ತಿ ವ್ಯಾಜ್ಯ, ಎಲ್ಲಕ್ಕೂ ವೇಣು' ಎಂದು ಯಾರೋ ಬರೆದರು.

ಪಾರ್ಕಿನ ಉಸ್ತುವಾರಿಯ ಮಾಯಣ್ಣ ಒಂದು ದಿನ ಕೆಂಡಾಮಂಡಲವಾಗಿ ಬಂದರು.

"ಯಜಮಾನ್ರೇ, ಪಾರ್ಕಲ್ಲಿ ಸೀಟಿ ಊದೋ ಪವರ್ರು ವಾಚ್‌ಮನ್‌ಗೆ ಮಾತ್ರ ಕೊಟ್ಟಿರೋದು! ನೀವು ಇಷ್ಟ್ ಜನ ಸೇರ್ಕೊಂಡು ಊದಿದ್ರೆ, ಗೇಟ್ ಮುಚ್ತಾರೆ ಅನ್ಕೊಂಡು ವಾಕಿಂಗ್ ಬಂದೋರೆಲ್ಲ ಓಡೋಗ್ತಿದಾರೆ. ಆಮೇಲೆ ನಿಜವಾಗ್ಲೂ ಗೇಟ್ ಮುಚ್ಚೋವಾಗ ವಾಚ್‌ಮನ್ ಊದಿದ್ರೆ ಎಲ್ರೂ ಕಣ್ಮುಚ್ಕೊಂಡು ಕೂತ್ಬಿಡ್ತಾರೆ!"

ಚಕ್ರಪಾಣಿಯವರು ಉತ್ತರ ಕೊಡಲಿಲ್ಲ. ಒಂದು ವಾಕ್ಯಕ್ಕೆ ಬೇಕಾದಷ್ಟು ಉಸಿರು ಅವರಲ್ಲಿರಲಿಲ್ಲ. ಸುಮ್ಮನೆ ಮಾಯಣ್ಣನನ್ನು ನೋಡಿ, ಎದೆ ಹಿಡಿದುಕೊಂಡು, ಸುಂಯ್ ಎಂದರು.

ಮಾಯಣ್ಣನ ಸಿಟ್ಟು ಇಳಿಯಿತು. "ಏನ್ ಶಾಂತಿ ರೀ ಈ ಮುಖದಲ್ಲಿ" ಎಂದು ತಲೆಬಾಗಿ, ಜಮಖಾನದ ತುದಿಯಲ್ಲಿ ತಾವೂ ಜಾಗ ಹಿಡಿದರು.

ಹೀಗೆ ಮಾತು ಕಮ್ಮಿಯಾದಷ್ಟೂ ಗೌರವ ಜಾಸ್ತಿಯಾಯಿತು. ಮೆಟ್ಟಿಲ ಮಧ್ಯೆ ಏದುಸಿರು ಬಂದು ನಿಂತರೆ ಧ್ಯಾನ ಎಂದರು. ಊಟ ಸೇರದೆ ಬಿಟ್ಟರೆ ಉಪವಾಸ ಎಂದರು. ತುಟಿ ಬಿಳಿಚಿಕೊಂಡರೆ ತೇಜಸ್ಸು ಎಂದರು. ಚಕ್ರಪಾಣಿಯವರಿಗೆ ಮಾತ್ರ ಒಳಗೊಳಗೇ ಹೆದರಿಕೆ ಹತ್ತಿತ್ತು. ಡಾಕ್ಟರಿಗೆ ಫೋನ್ ಮಾಡೋಣವೆಂದು ಎರಡು ಸಲ ಕೈಗೆತ್ತಿಕೊಂಡರು. ಮಾಡಿದರೆ ಉಬ್ಬಸದ ಮಾತು ಬರುತ್ತದೆ, ಬಂದರೆ ವಂಶದ ಮಾತು ಬರುತ್ತದೆ. ಫೋನ್ ಕೆಳಗಿಟ್ಟರು.

"ರೀ, ಆ ಹೊಸ ಡ್ರಾಪ್ಸ್ ಬಂದ್ಮೇಲೇ ಹೀಗಾಗಿದ್ದು ಅಂತ ನಂಗೆ ಅನ್ಸತ್ತೆ" ಎಂದರು ಕಾವೇರಮ್ಮ.

"ಕಣ್ಣಿಗೂ... ಎದೆಗೂ... ಏನೇ... ಸಂಬಂಧ?"

"ಮತ್ತೆ ಒಗ್ಗರಣೆಗೂ ಎದೆಗೂ ಏನಿತ್ತು?"

ಇದಕ್ಕೆ ಉತ್ತರಿಸಲು ಉಸಿರಿಲ್ಲವೆಂಬುದು ಚಕ್ರಪಾಣಿಯವರಿಗೆ ಒಂದು ರೀತಿಯ ಅನುಕೂಲವೇ ಆಯಿತು.

ಅಷ್ಟರಲ್ಲಿ ನಿವಾಸಿಗಳ ಸಂಘದವರು ಕಲ್ಯಾಣ ಮಂಟಪದಲ್ಲಿ ಆರೋಗ್ಯ ದಿನ ಏರ್ಪಡಿಸಿದರು. ವೇದಿಕೆಯ ಮೇಲೆ ಚಕ್ರಪಾಣಿಯವರಿಂದ ವೇಣು ಪ್ರಾಣಾಯಾಮದ ಪ್ರಾತ್ಯಕ್ಷಿಕೆ. ಆಹ್ವಾನ ಪತ್ರಿಕೆಯಲ್ಲಿ ಮುಖ್ಯ ಅತಿಥಿಯ ಹೆಸರೂ ಅಚ್ಚಾಗಿತ್ತು, ಆದರೆ ಚಕ್ರಪಾಣಿಯವರು ತಮ್ಮ ಹೆಸರಿನವರೆಗೆ ಓದಿ, ಅದನ್ನೇ ಹಲವು ಸಲ ಓದಿ, ಮಡಿಸಿ ಇಟ್ಟಿದ್ದರು. ಹೀಗಾಗಿ ವೇದಿಕೆ ಹತ್ತಿ ಅರ್ಧ ದಾರಿಯಲ್ಲಿ ಸುಧಾರಿಸಿಕೊಂಡು ತಲೆಯೆತ್ತಿದಾಗ, ಹೂಗುಚ್ಛ ಹಿಡಿದು ಕೂತಿದ್ದ ಡಾಕ್ಟರ್ ವಾಣಿಯವರು ಕಂಡರು. ಗ್ಲಾಕೋಮಾದ ಬಗ್ಗೆ ಮಾತನಾಡಲು ಅವರನ್ನು ಕರೆಸಿದ್ದರು.

"ಹೇಗಿದೀರ ಸಾರ್? ಡ್ರಾಪ್ಸ್ ಒಗ್ಗಿತಾ?" ಎಂದು ಡಾಕ್ಟರು ಕೇಳಿದರು.

ಚಕ್ರಪಾಣಿಯವರು ನಕ್ಕು ತಲೆಯಾಡಿಸಿದರು. ಶಶಿ ಅವರನ್ನು ಮಧ್ಯದ ದಿವಾನದ ಮೇಲೆ ಕೂರಿಸಿ, ಮೈಕನ್ನು ಎದೆಯ ಹತ್ತಿರ ತಂದಿಟ್ಟರು. ದೀಪದ ಹೊಗೆ, ಗಂಧದಕಡ್ಡಿಯ ಹೊಗೆ, ಹೂವಿನ ಹಾರ. ಹೊರಡುವ ಮುಂಚೆ ಕಣ್ಣಿಗೆ ಧಾರಾಳವಾಗಿ ಹಾಕಿಕೊಂಡ ಹನಿಯ ಕಹಿ ಇನ್ನೂ ಗಂಟಲಲ್ಲಿತ್ತು.

ಅವರು ಉಸಿರು ಎಳೆದುಕೊಂಡರು. ಬಿಟ್ಟರು. ಇಡೀ ಮಂಟಪದ ಸ್ಪೀಕರುಗಳಲ್ಲಿ ಸುಂಯ್ಯ್ಯ್ ಎಂದು ಮೊಳಗಿತು. ಚಪ್ಪಾಳೆ. ಮತ್ತೆ ಎಳೆದುಕೊಳ್ಳಹೋದರು. ಈ ಸಲ ಬರಲಿಲ್ಲ. ಎದೆಗೆ ಯಾರೋ ಹಗ್ಗ ಬಿಗಿದಂತಾಯಿತು. ಕೈ ಮುಂದೆ ಚಾಚಿದರು. ಶಿಷ್ಯರು ಅದನ್ನು 'ಶುರುಮಾಡಿ' ಎಂದು ತಿಳಿದು ಒಟ್ಟಾಗಿ ಸೀಟಿ ಊದತೊಡಗಿದರು. ನಂಜಪ್ಪನ ಪ್ರೆಷರ್ ಕುಕ್ಕರೂ ಸೇರಿಕೊಂಡಿತು. ಚಕ್ರಪಾಣಿಯವರು ಮುಂದಕ್ಕೆ ಬಾಗಿ ಎರಡೂ ಕೈ ನೆಲಕ್ಕೂರಿದರು. ಜನ ಎದ್ದು ನಿಂತು "ಒನ್ಸ್ ಮೋರ್" ಎಂದರು.

ಡಾಕ್ಟರ್ ವಾಣಿ ಹೂಗುಚ್ಛ ಎಸೆದು ಓಡಿಬಂದರು.

"ನಿಲ್ಸಿ! ಇದು ಪ್ರಾಣಾಯಾಮ ಅಲ್ಲ, ಉಬ್ಬಸ! ಹಾರ ತೆಗೀರಿ, ಕಡ್ಡಿ ಆರ್ಸಿ, ಗಾಡಿ ತರ್ಸಿ!"

"ಮೇಡಂ, ನಿಮ್ಮ ಭಾಷಣ ಇದಾದ್ಮೇಲೆ" ಎಂದರು ಶಶಿ, ವಿನಯದಿಂದ.

ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಕಾವೇರಮ್ಮನವರು ಎದ್ದು, ಅಡ್ಡ ಬಂದ ಇಬ್ಬರು ಪದಾಧಿಕಾರಿಗಳನ್ನು ಬದಿಗೆ ತಳ್ಳಿ ವೇದಿಕೆ ಹತ್ತಿದರು. ವ್ಯಾನಿಟಿ ಬ್ಯಾಗಿನಿಂದ ಪಂಪು ತೆಗೆದರು. ಚಕ್ರಪಾಣಿಯವರು ಆ ಸ್ಥಿತಿಯಲ್ಲೂ ಸಭೆಯ ಕಡೆ ನೋಡಿ ಬಾಯಿ ಬಿಗಿಹಿಡಿದರು.

"ಬಾಯ್ ತೆಗೀರೀ!" ಎಂದು ಕಾವೇರಮ್ಮ ಗದರಿದರು. ಮೈಕು ಅಲ್ಲೇ ಇತ್ತು. "ಮದುವೆ ಆದಾಗಿಂದ ನೋಡ್ತಿದೀನಿ ಈ ಪಂಪು ಎಳೆಯೋದನ್ನ, ಇವತ್ತೇನು ನಾಚ್ಕೆ?"

ಮಂಟಪ ನಿಶ್ಶಬ್ದವಾಯಿತು. ಕೊನೆಯ ಸಾಲಿನ ಒಬ್ಬರ ಹಲ್ಲಿನ ಸೀಟಿ ಮಾತ್ರ ಸ್ವಲ್ಪ ತಡವಾಗಿ ನಿಂತಿತು.

"ಅಮ್ಮಾ, ಇವ್ರಿಗೆ ಆಸ್ತಮಾ ಇದ್ಯಾ?" ಡಾಕ್ಟರು ಕೇಳಿದರು.

"ನಿಮ್ಗೆ ಹೇಳಿದ್ರಂತೆ, ನೀವು ಪರವಾಗಿಲ್ಲ ಅಂದ್ರಂತಲ್ಲ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೆ ಕೆಳಗೆ ನೋಡಿದರು. ಪ್ರಜ್ಞೆ ತಪ್ಪಿದರೆ ಒಳ್ಳೆಯದೆಂದು ಚಕ್ರಪಾಣಿಯವರಿಗೆ ಅನ್ನಿಸಿತು, ಆದರೆ ತಪ್ಪಲಿಲ್ಲ.

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಹಬೆಯಂಥ ಔಷಧಿ ಕೊಟ್ಟರು, ಕೈಗೆ ಸೂಜಿ ಚುಚ್ಚಿದರು. ನಾಡಿ ತೀರ ನಿಧಾನವಾಗಿದೆ ಎಂದು ಅಲ್ಲಿನ ಡಾಕ್ಟರು ಪಿಸುಗುಟ್ಟಿದ್ದು ಚಕ್ರಪಾಣಿಯವರಿಗೆ ಕೇಳಿಸಿತು. ಆಗ ಅವರಿಗೆ ಪಾರ್ಕು, ಶಿಷ್ಯರು, ಬೆಂಚು ಯಾವುದೂ ನೆನಪಾಗಲಿಲ್ಲ. ಮಂಚದ ಪಕ್ಕ ಇದ್ದ ಕಾವೇರಮ್ಮನವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕಾವೇರಮ್ಮ ಏನೂ ಬೈಯಲಿಲ್ಲ. ಅದರಿಂದ ಅವರಿಗೆ ಮತ್ತಷ್ಟು ಭಯವಾಯಿತು.

ಸಂಜೆಯ ಹೊತ್ತಿಗೆ ಉಸಿರು ಹದಕ್ಕೆ ಬಂತು. ಕಾವೇರಮ್ಮನವರೂ ಬೈಯತೊಡಗಿದರು. ಆಗ ಚಕ್ರಪಾಣಿಯವರಿಗೆ ಬದುಕಿದೆ ಎನ್ನಿಸಿತು.

ಡಾಕ್ಟರ್ ವಾಣಿ ನೋಡಲು ಬಂದರು. ಕುರ್ಚಿ ಎಳೆದುಕೊಂಡು ಕೂತು, ಆ ಬಾಟಲಿಯನ್ನು ಕೈಯಲ್ಲಿ ಹಿಡಿದು ಹೇಳಿದರು:

"ಇದ್ರಲ್ಲಿರೋ ಎರಡು ಮದ್ದಲ್ಲಿ ಒಂದು ಶ್ವಾಸನಾಳನ ಬಿಗಿ ಮಾಡತ್ತೆ, ಹಾರ್ಟ್‌ನ ನಿಧಾನ ಮಾಡತ್ತೆ. ಉಬ್ಬಸ ಇಲ್ಲದೋರಿಗೆ ಒಳ್ಳೆ ಮದ್ದೇ. ನಿಮ್ಮ ಪಂಪು ತೆರೆಯೋಕೆ ನೋಡಿದ ಬಾಗಿಲನ್ನೇ ಇದು ಮುಚ್ಕೊಂಡು ಕೂತಿತ್ತು, ಅದಕ್ಕೇ ಪಂಪು ಹಿಡೀಲಿಲ್ಲ. ಅದೂ ಸಾಲ್ದು ಅಂತ, ನೀವೇ ಈಗ ಹೇಳಿದ ಹಾಗೆ, ಮೂಗಿಂದ ಎಳ್ಕೊಂಡಿದೀರ. ನಾನು ಒತ್ತಿ ಅಂದಿದ್ದು ಕಣ್ಣಿನ ಮೂಲೆನ ಸಾರ್, ಹೊಳ್ಳೆನಲ್ಲ!"

"ಹಾಗಾದ್ರೆ ಇನ್ಮೇಲೆ ಡ್ರಾಪ್ಸೇ ಬೇಡ ಡಾಕ್ಟ್ರೇ. ಸಾಕಾಯ್ತು."

"ಅದು ಇದಕ್ಕಿಂತ ದೊಡ್ಡ ತಪ್ಪಾಗತ್ತೆ. ಈ ಬಾಟಲಿ ಬೇಡ, ಆದ್ರೆ ಕಣ್ಣು ಬೇಕಲ್ಲ? ನಿಮ್ಮ ಎದೆಗೆ ತೊಂದ್ರೆ ಮಾಡದ ಬೇರೆ ಜೋಡಿ ಇದೆ, ಅದನ್ನ ಕೊಡ್ತೀನಿ. ನಿಲ್ಸೋದಾಗ್ಲಿ, ಬದ್ಲಾಯಿಸೋದಾಗ್ಲಿ, ನನ್ನ ಕೇಳಿ ಮಾಡಿ. ಮತ್ತೆ ಸಾರ್..." ಡಾಕ್ಟರು ಎದ್ದು ನಿಂತರು. "ನಾನು ಕೇಳೋದು ಮಾತಾಡೋಕೆ ವಿಷಯ ಇಲ್ಲ ಅಂತ ಅಲ್ಲ."

ಚಕ್ರಪಾಣಿಯವರು ಮೊದಲ ಬಾರಿಗೆ, ಯಾರ ಅಪ್ಪಣೆಯೂ ಇಲ್ಲದೆ, ಉಸಿರು ಹಿಡಿದು ಕೂತರು.

ಮೈ ಸುಧಾರಿಸಿದ ಮೇಲೆ ಅವರು ಪಾರ್ಕಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಳ್ಳಲು ನಿಶ್ಚಯಿಸಿದರು. ಬೆಂಚಿನ ಮೇಲೆ ಕೂರದೆ ಜಮಖಾನದ ಮೇಲೇ ಕೂತರು.

"ನೋಡಿ, ನಂಗೆ ಉಬ್ಬಸ. ಆ ಸೀಟಿ ಕಾಯಿಲೆದು, ಕಣ್ಣಿನ ಡ್ರಾಪ್ಸಿಂದ ಕೆರಳಿದ್ದು. ಅದರಲ್ಲಿ ಯಾವ ವೇಣುನೂ ಇಲ್ಲ, ಏನೂ ಇಲ್ಲ. ದಯವಿಟ್ಟು ಬಿಟ್ಬಿಡಿ."

ಶಕುಂತಲಮ್ಮ ಮೆಲ್ಲಗೆ, "ನೀವು ಏನೇ ಅನ್ನಿ, ನನ್ನ ಮಂಡಿನೋವು ಹೋಗಿದ್ದಂತೂ ನಿಜ" ಎಂದರು. ಇನ್ನೊಬ್ಬರಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ಮತ್ತೊಬ್ಬರ ಸೊಸೆ ಎದುರು ಮಾತಾಡುವುದನ್ನು ಬಿಟ್ಟಿದ್ದಳು. ಇಷ್ಟೆಲ್ಲ ಲಾಭವಿರುವುದನ್ನು, ಕಂಡುಹಿಡಿದವರೇ ಬೇಡವೆಂದ ಮಾತ್ರಕ್ಕೆ, ಬಿಡುವುದು ಯಾವ ನ್ಯಾಯ?

"ಗುರುಗಳು ನಮ್ಮ ಶ್ರದ್ಧೆ ಪರೀಕ್ಷೆ ಮಾಡ್ತಿದಾರೆ" ಎಂದು ಮಾಯಣ್ಣ ತೀರ್ಪು ಕೊಟ್ಟರು. ಎಲ್ಲರೂ ಕಣ್ಣುಮುಚ್ಚಿ ಊದತೊಡಗಿದರು. ಬೆಂಚಿನ ಮೇಲೆ ಈಗ ಮಾಯಣ್ಣ ಕೂತಿದ್ದರು. ಸೀಟಿ ಊದುವ ಪವರ್ರು ವಾಚ್‌ಮನ್ನನಿಂದ ಅವರಿಗೆ ವರ್ಗವಾಗಿತ್ತು.

ಅದೇ ದಿನ ಮಧ್ಯಾಹ್ನ ನಂಜಪ್ಪ ಚಕ್ರಪಾಣಿಯವರ ಮನೆಗೆ ಬಂದರು. ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಸಾರ್, ಆ ಹಳೇ ಬಾಟಲಿ ಇನ್ನೂ ಇದ್ಯಾ?"

"ಯಾವ ಬಾಟಲಿ?"

"ಅದೇ, ಸೀಟಿ ಬರ್ಸೋದು. ಎಲ್ರಿಗೂ ಬರತ್ತೆ ಸಾರ್, ನಂಗೊಬ್ಬಂಗೇ ಇಲ್ಲ. ಮಾಯಣ್ಣ ನಿನ್ನೆ ಮೊನ್ನೆ ಬಂದೋನು, ಅವ್ನೂ ಊದ್ತಾನೆ. ಒಂದೆರಡು ಹನಿ ಹಾಕ್ಕೊಂಡು ನೋಡ್ತೀನಿ. ಹೇಗೂ ನಂಗೂ ಈಚೆಗೆ ಪಕ್ಕದಿಂದ ಬರೋ ಗಾಡಿ ಕಾಣ್ತಿಲ್ಲ. ಕಣ್ಣಿಗೂ ಆಯ್ತು, ಸೀಟಿಗೂ ಆಯ್ತು."

ಅಡುಗೆಮನೆಯಿಂದ ಕಾವೇರಮ್ಮನವರ ದನಿ ಬಂತು: "ಅದನ್ನ ಸಿಂಕಿಗೆ ಸುರಿದಾಯ್ತು ನಂಜಪ್ಪನೋರೇ! ಬೇಕಿದ್ರೆ ಪೈಪಿಗೆ ಕಿವಿ ಕೊಟ್ಟು ನೋಡಿ, ಸೀಟಿ ಬರ್ತಿದ್ಯೋ ಏನೋ!"

ಆದರೆ ಚಕ್ರಪಾಣಿಯವರಿಗೆ ನಗು ಬರಲಿಲ್ಲ. "ಪಕ್ಕದ ಗಾಡಿ ಕಾಣ್ತಿಲ್ವಾ? ಗ್ಲಾಕೋಮಾನೂ ಹಾಗೇ ಶುರುವಾಗೋದು. ಎಷ್ಟು ದಿನದಿಂದ?"

"ಇದೆ ಸಾರ್, ಸುಮಾರ್ ದಿನದಿಂದ. ಮೊನ್ನೆ ಗೇಟಿಗೆ ಗುದ್ದಿದ್ದೂ ಅದಕ್ಕೇ. ಅಳಿಯಂಗೆ ಹೇಳಿಲ್ಲ. ಕಾರಿನ ಕೀ ಕಿತ್ಕೋತಾನೆ."

ಚಕ್ರಪಾಣಿಯವರು ಕಾರಿನ ಕೀಯನ್ನು ತಾವೇ ಕಿತ್ತುಕೊಂಡರು. ಆಟೋ ಕರೆದು, ನಂಜಪ್ಪನನ್ನು ಒಳಗೆ ತಳ್ಳಿ, ದಾರಿಯುದ್ದಕ್ಕೂ ಉಪದೇಶ ಮಾಡಿದರು. ಉಸಿರು ಸರಾಗವಾಗಿದ್ದದ್ದರಿಂದ ಉಪದೇಶ ದೊಡ್ಡದಾಗಿತ್ತು. "ಡಾಕ್ಟ್ರ ಹತ್ರ ಏನೂ ಮುಚ್ಚಿಡ್ಬಾರ್ದು ನಂಜಪ್ಪ. ಮರ್ಯಾದೆ ನೋಡ್ಕೊಂಡ್ರೆ ಪ್ರಾಣ ಹೋಗತ್ತೆ. ಇನ್ನೊಬ್ರ ಬಾಟಲಿ ಅಂತೂ ಮುಟ್ಟಲೇಬಾರ್ದು. ನನ್ನೇ ನೋಡಿ." ನಂಜಪ್ಪ ಅವರನ್ನೇ ನೋಡಿದರು.

ಆಸ್ಪತ್ರೆಯಲ್ಲಿ ಚಕ್ರಪಾಣಿಯವರು ಶಿಷ್ಯನ ಹಿಂದೆಯೇ ಡಾಕ್ಟರ ಕೋಣೆಗೆ ನುಗ್ಗಿದರು. ಡಾಕ್ಟರ್ ವಾಣಿ ನಂಜಪ್ಪನ ಕಣ್ಣು ಪರೀಕ್ಷಿಸಿದರು, ಯಂತ್ರದ ಮುಂದೆ ಕೂರಿಸಿದರು, ಮತ್ತೆ ಪರೀಕ್ಷಿಸಿದರು.

"ಪ್ರೆಷರ್ ಚೆನ್ನಾಗೇ ಏರಿದೆ. ಬಂದಿದ್ದು ಒಳ್ಳೇದಾಯ್ತು, ಉಳಿಸ್ಕೊಳ್ಳೋಕೆ ಇನ್ನೂ ಬೇಕಾದಷ್ಟು ದೃಷ್ಟಿ ಇದೆ. ಡ್ರಾಪ್ಸ್ ಶುರುಮಾಡೋಣ. ಅದಕ್ಕೆ ಮುಂಚೆ ಹೇಳಿ, ಬೇರೆ ಏನಾದ್ರೂ ಕಾಯಿಲೆ ಇದ್ಯಾ? ಯಾವ್ದಾದ್ರೂ ಮಾತ್ರೆ ತಗೊಳ್ತಿದೀರಾ?"

ನಂಜಪ್ಪ ಡಾಕ್ಟರನ್ನು ನೋಡಿದರು. ಚಕ್ರಪಾಣಿಯವರನ್ನು ನೋಡಿದರು. ಚಕ್ರಪಾಣಿಯವರು ಹುರಿದುಂಬಿಸುವಂತೆ ತಲೆಯಾಡಿಸಿ, ಕೇಳಿಸಿಕೊಳ್ಳಲು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು.

"ಗುರುಗಳೇ," ಎಂದರು ನಂಜಪ್ಪ, "ಸ್ವಲ್ಪ ಹೊರಗಡೆ ಕೂತಿರ್ತೀರಾ?"

ಚಕ್ರಪಾಣಿಯವರು ಎದ್ದರು. ಏಳಲೇಬೇಕಾಯಿತು. ಹೊರಗೆ ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತರು. ಒಳಗೆ ನಂಜಪ್ಪನ ದನಿ ಪಿಸುಪಿಸು ಎಂದು ಶುರುವಾಯಿತು. ನಿಲ್ಲಲಿಲ್ಲ. ಪಾತ್ರೆ ಅಂಗಡಿಯ ಕಾಲದಿಂದ ಇಲ್ಲಿಯವರೆಗೆ ಆ ಮನುಷ್ಯ ಅದೇನೇನು ಬಚ್ಚಿಟ್ಟಿದ್ದನೋ, ಒಂದೊಂದಾಗಿ ಹೊರಗೆ ಬರುತ್ತಿತ್ತು. ಡಾಕ್ಟರು ಮಧ್ಯೆ ಮಧ್ಯೆ "ಹೌದಾ? ಆಮೇಲೆ?" ಎನ್ನುತ್ತಿದ್ದರು. ಚಕ್ರಪಾಣಿಯವರು ಬೆಂಚಿನ ಈ ತುದಿಯಿಂದ ಆ ತುದಿಗೆ ಸರಿದರು. ಅಲ್ಲಿಂದ ಬಾಗಿಲಿಗೆ ಒರಗಿದರು. ಇನ್ನೂ ಸ್ವಲ್ಪ ಒರಗಿದರು.

"ಸಾರ್," ಎಂದು ರಿಸೆಪ್ಷನ್ನಿನ ಹೆಂಗಸು ತಲೆಯೆತ್ತದೆಯೇ ಹೇಳಿದರು, "ಇಲ್ಲಿ ಬರೀ ಕಣ್ಣು ನೋಡೋದು. ಕಿವಿಗೆ ಮೇಲಿನ ಫ್ಲೋರ್."